ಮ್ಯಾಜಿಕ್ಕೋ ಮ್ಯಾಜಿಕಲ್ಲೋ: ಒಂದ ಇಂಗ್ಲಿಷ್ ಪದಾನ ಬರೋಬರಿ ಬಳಸೂದು ಹೆಂಗ

ನಾ ಪಿಯುಸಿ ಓದೂವಾಗ ಗದಗದಾಗ ನಮ್ಮ ಕಾಲೇಜಿನ ಗ್ಯಾದರಿಂಗ್ ಇತ್ತು, ಆ ವರ್ಷ ಹುಬ್ಬಳ್ಳಿಯಿಂದ ಒಬ್ಬ ಜಾದೂಗಾರನ್ನ ಕರಸಿದ್ರು, ಇಂಗ್ಲಿಷ್‌ನ್ಯಾಗ ಅನೌನ್ಸ್ ಮಾಡೂ ಕೆಲಸ ನನ್ನ ಕೊರಳಿಗೆ ಬಿತ್ತು. ಮೈಕ್ ಹಿಡದು ಜೋರಾಗಿ ‘ನೌ ವಿ ಹ್ಯಾವ್ ಎ ಫೇಮಸ್ ಮ್ಯಾಜಿಕಲ್ ಫ್ರಂ ಹುಬ್ಬಳ್ಳಿ’ ಅಂದುಬಿಟ್ಟೆ. ಹುಡುಗೂರು ಚಪ್ಪಾಳಿ ಹೊಡದ್ರು, ಮುಂದಿನ ಸಾಲಿನ್ಯಾಗ ಕುಂತ ಇಂಗ್ಲಿಷ್ ಸರ್ ಹಣಿ ಬಡ್ಕೊಂಡ್ರು. ಷೋ ಮುಗದ ಮ್ಯಾಲೆ ಆ ಜಾದೂಗಾರ ಕಾಕಾ ನನ್ನ ಬಾಜೂಕ ಕರದು ಹೇಳಿದ್ದು ಇವತ್ತಿಗೂ ನೆನಪೈತಿ: ‘ತಮ್ಮಾ, ನಾ ಮ್ಯಾಜಿಕಲ್ ಇದ್ದಿದ್ರ ಬಸ್ಸಿನ್ಯಾಗ ಅಣ್ಣಿಗೇರಿ ತನಕ ನಿಂತ್ಕೊಂಡ್ಯಾಕ ಬರ್ತಿದ್ದೆ, ಸೊಂಯ್ ಅಂತ ಹಾರ್ಕೊಂಡು ಬರ್ತಿದ್ದೆ.’

ನಗಿಚಾಟ್ಕಿ ಮಾತಾದ್ರೂ ಅದರಾಗ ಪೂರಾ ವ್ಯಾಕರಣ ಐತಿ. ಮ್ಯಾಜಿಕಲ್ ಅಂದ್ರ ಒಂದ ಗುಣ, ಮನಷ್ಯಾ ಅಲ್ಲ. ನಾ ತಪ್ಪಿದ್ದು ಯಾಕಂದ್ರ ನಾ ಯೋಚನಿ ಮಾಡಿದ್ದು ಕನ್ನಡದಾಗ, ಕನ್ನಡದಾಗ ‘ಮಾಂತ್ರಿಕ’ ಅನ್ನೂ ಪದ ಎರಡೂ ಕೆಲಸ ಮಾಡ್ತೈತಿ. ‘ಮಾಂತ್ರಿಕ ಬಂದ’ ಅಂದ್ರ ಅದು ಮನಷ್ಯಾ, ‘ಮಾಂತ್ರಿಕ ಶಕ್ತಿ’ ಅಂದ್ರ ಅದು ಗುಣ. ಇಂಗ್ಲಿಷ್‌ನ್ಯಾಗ ಇವೆರಡಕ್ಕೂ ಬ್ಯಾರೆ ಬ್ಯಾರೆ ಪದ. ಈಗ ನಾ ಧಾರವಾಡದಾಗ ಸಂಜಿ ಟ್ಯೂಷನ್ ಹೇಳ್ತೀನಿ, ವರ್ಷಾ ಒಬ್ಬರಾದ್ರೂ ‘ಮೈ ಅಂಕಲ್ ಈಸ್ ಎ ಮ್ಯಾಜಿಕಲ್’ ಅಂತ ಬರದು ತರ್ತಾರ, ಅದಕ್ಕ ಈ ಒಂದ ಪದದ್ದು ಬುಡದಿಂದ ಹೇಳಿಬಿಡೋಣಂತ ಕುಂತೀನಿ.

ಹೆಜ್ಜಿ ಒಂದು: ಇಂಗ್ಲಿಷ್ ಬಿಡ್ರಿ, ಕನ್ನಡದಾಗ ಏನಂತಿದ್ರಿ ಅಂತ ಕೇಳ್ಕೊರಿ

ಇದs ಮುಖ್ಯ ಹೆಜ್ಜಿ, ಉಳದದ್ದೆಲ್ಲಾ ಇದರ ಬಾಲ. ಇಂಗ್ಲಿಷ್‌ನವ್ರು ಮ್ಯಾಜಿಕ್ ಅಂತ ಒಂದ ಚೀಲದಾಗ ತುಂಬಿದ್ದನ್ನ ನಾವು ನಾಕೈದು ಚೀಲದಾಗ ಬ್ಯಾರೆ ಬ್ಯಾರೆ ಮಾಡಿ ಇಟ್ಟೀವಿ. ಮೂರು ದಾರಿ ಕೂಡೂ ಕಡೆ ನಿಂಬಿಹಣ್ಣು ಕುಂಕುಮ ಬಿದ್ದಿತ್ತಂದ್ರ ಅವ್ವ ‘ದಾಟಬ್ಯಾಡ, ಯಾರೋ ಮಾಟ ಮಾಡ್ಸ್ಯಾರ’ ಅಂತಾಳ, ಜಾದೂ ಮಾಡ್ಯಾರ ಅನ್ನೂದಿಲ್ಲ. ಟಿಕೀಟ್ ತಗೊಂಡು ನೋಡೂದು ಜಾದೂ, ಹಳೇ ಮಂದಿ ಅದನ್ನ ಕಣ್ಕಟ್ಟು, ಇಂದ್ರಜಾಲ, ಗಾರುಡಿ ಅಂತಿದ್ರು. ಸಿದ್ಧಾರೂಢಜ್ಜನ ಕಥಿ ಹೇಳೂವಾಗ ಪವಾಡ ಅಂತೀವಿ, ಅಲ್ಲಿ ಜಾದೂ ಅಂದ್ರ ಬೈಸ್ಕೋತೀರಿ. ಕಿಸೆದಾಗಿನ ರೊಕ್ಕ ಕಾಣಲಿಲ್ಲಂದ್ರ ಮಾಯ ಆತು. ಹಾಡು, ಸಂಜಿ ಹೊತ್ತು, ಒಬ್ಬರ ಮಾತು ನಮ್ಮನ್ನ ಹಿಡದು ಕುಂದ್ರಿಸ್ತಂದ್ರ ಮೋಡಿ ಮಾಡ್ತು.

ಈ ಐದರಾಗ ನಿಮ್ಮದು ಯಾವುದಂತ ಗೊತ್ತಾತಂದ್ರ ಇಂಗ್ಲಿಷ್ ಪದ ತಾನs ಬಂದು ನಿಲ್ತೈತಿ.

ಮಾಟ ಆದ್ರ ‘ಬ್ಲ್ಯಾಕ್ ಮ್ಯಾಜಿಕ್’. ಬ್ಲ್ಯಾಕ್ ಮ್ಯಾಜಿಕಲ್ ಅಂತ ಯಾರೂ ಅನ್ನೂದಿಲ್ಲ, ಯಾಕಂದ್ರ ಇಲ್ಲಿ ಮ್ಯಾಜಿಕ್ ನಾಮಪದ, ಬ್ಲ್ಯಾಕ್ ಅದರ ವಿಶೇಷಣ. ನಾವು ಮೌಢ್ಯ ನಿಷೇಧ ಕಾಯ್ದೆ ಅಂತ ಕರಿಯೂ ಕರ್ನಾಟಕದ 2017ರ ಕಾಯ್ದೆಯ ಇಂಗ್ಲಿಷ್ ಹೆಸರಿನ್ಯಾಗೂ ಬ್ಲ್ಯಾಕ್ ಮ್ಯಾಜಿಕ್ ಅಂತನ ಐತಿ.

ಜಾದೂ ಆದ್ರ ಮ್ಯಾಜಿಕ್: ಮ್ಯಾಜಿಕ್ ಷೋ, ಮ್ಯಾಜಿಕ್ ಟ್ರಿಕ್, ಮ್ಯಾಜಿಕ್ ವಾಂಡ್. ‘ಐ ಸಾ ಎ ಮ್ಯಾಜಿಕಲ್ ಷೋ’ ಅಂದ್ರ ವ್ಯಾಕರಣ ತಪ್ಪಲ್ಲ, ಆದ್ರ ಅರ್ಥ ಬ್ಯಾರೆ ಆಗ್ತೈತಿ, ಮೈಮರಸೂ ಅಂಥಾ ಷೋ ಅಂತ ಆಗ್ತೈತಿ, ಅದು ಡ್ಯಾನ್ಸ್ ಷೋನೂ ಇರಬಹುದು. ಪಾರಿವಾಳ ಟೊಪಿಗಿಯಿಂದ ಬಂತೋ ಇಲ್ಲೋ ಕೇಳಿದವಂಗ ಗೊತ್ತಾಗೂದಿಲ್ಲ.

ಪವಾಡ ಆದ್ರ ‘ಮಿರಾಕ್ಯುಲಸ್’. ಬಸ್ಸು ಕಾಲುವಿಗೆ ಬಿದ್ರೂ ಎಲ್ಲಾರೂ ಉಳದ್ರಂದ್ರ ಮಿರಾಕ್ಯುಲಸ್ ಎಸ್ಕೇಪ್. ‘ಮ್ಯಾಜಿಕಲ್ ಎಸ್ಕೇಪ್’ ಅಂದ್ರ ಬೇಡಿ ಸರಪಳಿ ಹಾಕಿಸ್ಕೊಂಡು ಪೆಟ್ಟಿಗಿಯಿಂದ ಹೊರಗ ಬರ್ತಿದ್ದ ಹ್ಯಾರಿ ಹೂಡಿನಿ ನೆನಪಾಗ್ತಾನ, ಆಸ್ಪತ್ರಿ ಮುಂದ ಅಳಕೋತ ನಿಂತ ಮಂದಿ ನೆನಪಾಗೂದಿಲ್ಲ.

ಮೋಡಿ ಆದ್ರ, ಹಾಂ, ಇಲ್ಲಿ ಬಂತ ನೋಡ್ರಿ ನಮ್ಮ ಮ್ಯಾಜಿಕಲ್. ಮಾಯ ಆಗಿದ್ರ ‘ಮ್ಯಾಜಿಕಲಿ’, ಅದನ್ನ ಆಮ್ಯಾಲೆ ಹೇಳ್ತೀನಿ.

ಹೆಜ್ಜಿ ಎರಡು: ಪದ ಎಲ್ಲಿ ನಿಂತೈತಿ ನೋಡ್ರಿ

ಮ್ಯಾಜಿಕ್ ಅನ್ನೂದೂ ವಿಶೇಷಣ ಆಗ್ತೈತಿ, ಮ್ಯಾಜಿಕಲ್ ಅನ್ನೂದೂ ವಿಶೇಷಣ. ಹಂಗಾದ್ರ ಎರಡ್ಯಾಕ ಅಂತ ಹುಡುಗೂರು ಕೇಳ್ತಾರ, ಕೇಳಬೇಕಾದ್ದs.

ಮ್ಯಾಜಿಕ್ ಸಾಮಾನ್ಯವಾಗಿ ನಾಮಪದದ ಮುಂದ ಮಾತ್ರ ನಿಲ್ತೈತಿ. ಬೆನ್ನಿಗೆ ಒಂದ ನಾಮಪದ ಇರಬೇಕು ಅದಕ್ಕ, ಒಬ್ಬಂಟಿ ನಿಂತ್ರ ಬೀಳ್ತೈತಿ. ಮ್ಯಾಜಿಕಲ್ ಎರಡೂ ಕಡೆ ನಿಲ್ತೈತಿ. ‘ಎ ಮ್ಯಾಜಿಕಲ್ ಈವ್ನಿಂಗ್’ ಅನ್ನಬಹುದು, ‘ದ ಈವ್ನಿಂಗ್ ವಾಸ್ ಮ್ಯಾಜಿಕಲ್’ ಅನ್ನಬಹುದು. ‘ದ ಈವ್ನಿಂಗ್ ವಾಸ್ ಮ್ಯಾಜಿಕ್’ ಅಂತ ಪರೀಕ್ಷಾದಾಗ ಬರೀಬ್ಯಾಡ್ರಿ. ಬ್ರಿಟನ್‌ದವ್ರು ಮಾತಾಡೂವಾಗ ‘ಮಸ್ತ್ ಇತ್ತು’ ಅನ್ನೂ ಅರ್ಥದಾಗ ಹಂಗ ಅಂತಾರ, ಅದು ಅವರ ಆಡುಮಾತು, ನಾವು ‘ಭಾರೀ ಇತ್ತಲೇ’ ಅಂದಂಗ, ಉತ್ತರಪತ್ರಿಕಾದಾಗ ಹಂಗ ಬರದ್ರ ನಿಮ್ಮ ಮಾರ್ಕ್ಸ್‌ಗೆ ನಾ ಜವಾಬ್ದಾರ ಅಲ್ಲ.

ಇಕ್ ಮತ್ತ ಇಕಲ್ ಜೋಡಿ ನಿಮಗ ಹೊಸಾದೇನಲ್ಲ. ಎಲೆಕ್ಟ್ರಿಕ್ ಗಾಡಿ ಅಂತೀವಿ, ಎಲೆಕ್ಟ್ರಿಕಲ್ ಅಂಗಡಿ ಅಂತೀವಿ, ಎಲೆಕ್ಟ್ರಿಕಲ್ ಗಾಡಿ ಅಂದ್ರ ಕಿವಿಗೇನೋ ಚುಚ್ಚಿದಂಗ ಆಗ್ತೈತಿ, ಯಾರೂ ಕಲಿಸಿಲ್ಲ ಆದ್ರೂ. ಆ ಕಿವಿನ ಮ್ಯಾಜಿಕ್‌ಗೂ ಬೆಳಸ್ಕೋಬೇಕು.

ಇನ್ನೊಂದ ಜಾಗ ಐತಿ, ಇದನ್ನ ಕಲತ್ರ ನಿಮ್ಮ ಇಂಗ್ಲಿಷ್ ಒಂದ ಮೆಟ್ಟಲ ಮ್ಯಾಲೆ ಹೋಗ್ತೈತಿ: ಸಮ್‌ಥಿಂಗ್ ಅನ್ನೂ ಪದದ ಹಿಂದ. ‘ದೇರ್ ಈಸ್ ಸಮ್‌ಥಿಂಗ್ ಮ್ಯಾಜಿಕಲ್ ಅಬೌಟ್ ಲಕ್ಕುಂಡಿ ಇನ್ ದ ಈವ್ನಿಂಗ್.’ ಲಕ್ಕುಂಡಿಯೊಳಗ ಸಂಜಿ ಹೊತ್ತು ಏನೋ ಒಂದ ಮೋಡಿ ಐತ್ರಿ, ಅಂತ. ಮ್ಯಾಜಿಕಲ್ ಸಮ್‌ಥಿಂಗ್ ಅಲ್ಲ, ಸಮ್‌ಥಿಂಗ್ ಮ್ಯಾಜಿಕಲ್, ಅದರ ಹಿಂದ ಅಬೌಟ್. ಮೂರನ್ನೂ ಕೂಡಿಸೇ ಬಾಯಿಪಾಠ ಮಾಡ್ರಿ.

ಹೆಜ್ಜಿ ಮೂರು: ಗಂಟ್ಹಾಕಿದ ಜೋಡಿ ಬಿಚ್ಚಬ್ಯಾಡ್ರಿ

ಕೆಲವು ಜೋಡಿ ಲಗ್ನ ಆಗಿಬಿಟ್ಟಾವ, ನಿಯಮ ಹೇಳ್ಕೋತ ಕುಂದ್ರೂದು ಬ್ಯಾಡ. ಎಲೆಕ್ಷನ್ ರಿಸಲ್ಟ್ ದಿವಸ ಟಿವಿಯವ್ರು ಮುಂಜಾನಿಂದ ಒದರೂದು ಏನು, ‘ಮ್ಯಾಜಿಕ್ ನಂಬರ್ 113’. ನಮ್ಮ ವಿಧಾನಸಭಾದಾಗ 224 ಸೀಟು, ಅರ್ಧಕ್ಕ ಒಂದ ಜಾಸ್ತಿ ಬೇಕು, ಅದಕ್ಕ 113. ಅದು ಮ್ಯಾಜಿಕಲ್ ನಂಬರ್ ಅಲ್ಲ. ಗಣಿತದಾಗ ಮ್ಯಾಜಿಕ್ ಸ್ಕ್ವೇರ್: ಮೊದಲ್ನೇ ಸಾಲಿನ್ಯಾಗ 8, 1, 6, ಎರಡ್ನೇದ್ರಾಗ 3, 5, 7, ಮೂರ್ನೇದ್ರಾಗ 4, 9, 2 ಬರದು ಅಡ್ಡ ಉದ್ದ ಮೂಲಿಗೆ ಹೆಂಗ ಕೂಡಿಸಿದ್ರೂ 15 ಬರ್ತೈತಿ. ಸಿನಿಮಾ ಬರೂಕಿಂತ ಮೊದ್ಲ ಗಾಜಿನ ಮ್ಯಾಲೆ ಬರದ ಚಿತ್ರಾನ ದೀಪ ಹಚ್ಚಿ ಗ್ವಾಡಿ ಮ್ಯಾಲೆ ತೋರಸ್ತಿದ್ದ ಯಂತ್ರಕ್ಕ ಮ್ಯಾಜಿಕ್ ಲ್ಯಾಂಟರ್ನ್ ಅಂತಿದ್ರು, 17ನೇ ಶತಮಾನದ್ದು ಅದು. ಕಾರ್ಪೆಟ್, ಪೋಷನ್, ವರ್ಡ್, ಇವಕ್ಕೆಲ್ಲಾ ಮ್ಯಾಜಿಕ್ಕs.

ಇದರಾಗ ನನಗ ಭಾಳ ಸೇರೂ ಉದಾಹರಣಿ ನಮ್ಮ ದೇಶದ್ದು. 1954ರ ಒಂದ ಕಾಯ್ದೆ ಐತಿ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ, ಸುಳ್ಳ ಔಷಧಿ ಜಾಹೀರಾತ ತಡಿಯೂದಕ್ಕ ಮಾಡಿದ್ದು. ಅದರಾಗ ಮ್ಯಾಜಿಕ್ ರೆಮಿಡಿ ಅಂದ್ರ ಏನಂತ ವಿವರಣಿ ಕೊಟ್ಟಾರ, ಆ ವಿವರಣಿಯೊಳಗ ಮಂತ್ರ, ಕವಚ ಅನ್ನೂ ನಮ್ಮ ಪದಾನs ಇಂಗ್ಲಿಷ್ ಅಕ್ಷರದಾಗ ಹಂಗs ಹಾಕ್ಯಾರ! ದೆಹಲಿಯೊಳಗ ಕುಂತು ಕಾನೂನ ಬರದವರಿಗೂ ಚಾರ್ಮ್ ಅನ್ನೂ ಇಂಗ್ಲಿಷ್ ಪದ ಒಂದs ಸಾಕಾಗಲಿಲ್ಲ ನೋಡ್ರಿ. ರೈಲ್ವೆ ಕಂಪೌಂಡಿಗೆ ‘ಏಳು ದಿನದಾಗ ಗುಣ’ ಅಂತ ಅಂಟಿಸಿದ ಚೀಟಿ ಕಂಡಾಗ ಈ ಜೋಡಿ ನೆನಸ್ಕೊರಿ, ಮ್ಯಾಜಿಕ್ ರೆಮಿಡಿ, ಮರಿಯೂದಿಲ್ಲ.

ಇನ್ನ ನಮ್ಮ ಕಡೆ ಮ್ಯಾಜಿಕ್ ಅಂದ್ರ ಮೊದ್ಲ ನೆನಪಾಗೂದು ಟಾಟಾ ಮ್ಯಾಜಿಕ್. ‘ಮ್ಯಾಜಿಕ್ ಬಂತೇನಲೇ’ ಅಂದ್ರ ಹಳ್ಳಿಯೊಳಗ ಯಾರೂ ಆಕಾಶ ನೋಡೂದಿಲ್ಲ, ರಸ್ತಾ ನೋಡ್ತಾರ.

ನಿಯಮ ಅಂದಮ್ಯಾಲೆ ಮುರಿಯವ್ರೂ ಇರ್ತಾರ. 1956ರಾಗ ಜಾರ್ಜ್ ಮಿಲ್ಲರ್ ಅನ್ನೂ ಅಮೆರಿಕದ ಮನಶ್ಶಾಸ್ತ್ರಜ್ಞ ನೆನಪಿನ ಶಕ್ತಿ ಮ್ಯಾಲೆ ಬರದ ಪ್ರಬಂಧದ ಹೆಸರಿನ್ಯಾಗ ಏಳನ್ನ ‘ಮ್ಯಾಜಿಕಲ್ ನಂಬರ್’ ಅಂದಾನ, ಮನಷ್ಯಾ ಒಂದ ಸಲಕ್ಕ ಏಳು, ಒಂದೆರಡ ಹೆಚ್ಚುಕಡಿಮಿ, ಇಷ್ಟs ಸಂಗತಿ ತಲಿಯೊಳಗ ಹಿಡ್ಕೋತಾನಂತ. ಅಲ್ಲಿ ಲೆಕ್ಕ ದಾಟೂ ಗೆರಿ ಅಲ್ಲ, ಆ ಅಂಕಿ ಎಲ್ಲಿ ನೋಡಿದ್ರೂ ಬೆನ್ನ ಹತ್ತಿ ಕಾಡ್ತೈತಿ ಅನ್ನೂ ಭಾವನಾ ಐತಿ, ಅದಕ್ಕ ಮ್ಯಾಜಿಕಲ್. ಪೂರಾ ಬೆಪ್ಪ ತಪ್ಪಲ್ಲ ಅದು. ಮ್ಯಾಜಿಕ್ ಪವರ್ಸ್, ಮ್ಯಾಜಿಕಲ್ ಪವರ್ಸ್ ಎರಡೂ ನಡೀತಾವ. ದಿನನಿತ್ಯದ ಬದುಕಿನ ಕಥಿಯೊಳಗ ಮಾಯಾ ಬೆರಸಿ ಬರಿಯೂ ಶೈಲಿಗೆ ಸಾಹಿತ್ಯ ಓದವ್ರು ಮ್ಯಾಜಿಕ್ ರಿಯಲಿಸಂ ಅಂತಾರ, ಮ್ಯಾಜಿಕಲ್ ರಿಯಲಿಸಂ ಅಂತಾರ, ಎರಡೂ ಬರೋಬರಿ, ಅದಕ್ಕ ಜಗಳ ಬ್ಯಾಡ.

ಹೆಜ್ಜಿ ನಾಕು: ಮ್ಯಾಜಿಕಲ್‌ಗೆ ಎರಡು ಮುಖ

ಒಂದ ಮುಖ ನೇರ ಅರ್ಥ: ಮಾಯಾಶಕ್ತಿ ಇರೂ ಅಂಥಾದ್ದು. ಅಜ್ಜಿ ಕಥಿಯೊಳಗಿನ ಮಾತಾಡೂ ಗಿಳಿ, ಮುಟ್ಟಿದ್ರ ಬಂಗಾರ ಆಗೂ ಕಲ್ಲು. ‘ಎ ಮ್ಯಾಜಿಕಲ್ ಕ್ರೀಚರ್’. ಜಾದೂಗಾರ ಕಾಕಾ ನನಗ ಹೇಳಿದ್ದೂ ಇದನ್ನs, ನಾ ಆ ಗಿಳಿ ಜಾತಿಯವಲ್ಲೋ ಅಂತ. ಹಂಗಾದ್ರ ಮನಷ್ಯಾರಿಗೆ ಮ್ಯಾಜಿಕಲ್ ಅನ್ನಂಗs ಇಲ್ಲೇನು ಅಂದ್ರ, ಅನ್ನಬಹುದು, ಆದ್ರ ಮುಂದಿನ ‘ಎ’ ತಗೀರಿ ಮತ್ತ ಅರ್ಥ ತಿಳಕೊಂಡು ಅನ್ರಿ. ‘ಶಿ ವಾಸ್ ಮ್ಯಾಜಿಕಲ್ ಆನ್ ಸ್ಟೇಜ್’ ಅಂದ್ರ ಸ್ಟೇಜ್ ಮ್ಯಾಲೆ ಆಕಿ ಮೋಡಿ ಹಾಕಿಬಿಟ್ಲು.

ಇನ್ನೊಂದ ಮುಖ ಭಾವನಾದ್ದು. ಇದು ಹೆಚ್ಚ ಬಳಕಿಯೊಳಗ ಐತಿ, ತಪ್ಪೂ ಇದರಾಗs ಜಾಸ್ತಿ. ಮ್ಯಾಜಿಕಲ್ ಅಂದ್ರ ಬರೇ ‘ಛಲೋ’ ಅಲ್ಲ, ‘ಭಾಳ ಛಲೋ’ನೂ ಅಲ್ಲ. ದಿನಾ ನೋಡೂ ಜಗತ್ತಿಂದ ಒಂದ ಗಳಿಗಿ ಹೊರಗ ಬಂದಂಗ ಆಗಬೇಕು, ಇದು ಹೆಂಗ ಆತಪಾ ಅಂತ ಸುಮ್ಮನಾಗಬೇಕು. ಲಕ್ಷ್ಮೇಶ್ವರದ ಕಡೆ ಮಾಗಡಿ ಕೆರಿ ಐತಲ್ರಿ, ಚಳಿಗಾಲದಾಗ ಅಲ್ಲಿ ಪಟ್ಟೆತಲೆ ಹೆಬ್ಬಾತು ಬರ್ತಾವ, ಹಿಮಾಲಯ ದಾಟಿ ಬರೂ ಹಕ್ಕಿ ಅವು, ಹಗಲೆಲ್ಲಾ ನೀರಿನ್ಯಾಗ ಕುಂತು ಹೊತ್ತ ಮುಳಗೂದಕ್ಕ ಗುಂಪಗುಂಪ ಹೊಲದ ಕಡೆ ಏಳ್ತಾವ. 2024ರಾಗ ಆ ಕೆರಿ ರಾಮ್ಸಾರ್ ಪಟ್ಟಿಗೂ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ಜಾಗಗಳ ಪಟ್ಟಿಗೂ ಸೇರ್ತು. ಆ ಹಕ್ಕಿ ಏಳೂ ಗಳಿಗಿ ಮ್ಯಾಜಿಕಲ್. ಅದನ್ನ ನೋಡಾಕ ಬಂದಾಗ ತಿಂದ ಮಿರ್ಚಿ ಭಜಿ ಟೇಸ್ಟಿ. ನಮ್ಮ ಟ್ಯೂಷನ್ನಿನ ಒಬ್ಬ ಹುಡುಗ ಭಜಿಗೂ ಮ್ಯಾಜಿಕಲ್, ಹಕ್ಕಿಗೂ ಮ್ಯಾಜಿಕಲ್, ವಾಪಸ್ ಬರೂವಾಗ ಸೀಟ್ ಸಿಕ್ಕಿದ್ದಕ್ಕೂ ಮ್ಯಾಜಿಕಲ್ ಅಂತ ಬರದಿದ್ದ, ಮೂರ್ನೇ ಸಲ ಓದೂವಾಗ ಹಕ್ಕಿ ಹಾರಿಹೋಗಿದ್ವು. (ಸೀಟ್ ಸಿಕ್ಕಿದ್ದು ಮಿರಾಕಲ್ ಅಂತ ಬರದಿದ್ರ ಒಪ್ತಿದ್ದೆ.)

ಜೋರು ಕೊಡಬೇಕಂದ್ರ ‘ವೆರಿ ಮ್ಯಾಜಿಕಲ್’ ಅನ್ನೂಕಿಂತ ‘ಟ್ರೂಲಿ ಮ್ಯಾಜಿಕಲ್’, ‘ಅಬ್ಸಲ್ಯೂಟ್ಲಿ ಮ್ಯಾಜಿಕಲ್’ ಕಿವಿಗೆ ಹಿತ. ಹೋಲಿಕಿಗೆ ಮೋರ್ ಮ್ಯಾಜಿಕಲ್, ಮೋಸ್ಟ್ ಮ್ಯಾಜಿಕಲ್. ಮ್ಯಾಜಿಕಲರ್ ಅಂತ ಪದ ಇಲ್ಲ, ಕೇಳಾಕs ಬ್ಯಾಡ್ರಿ.

ಮನೀ ಮಂದಿ: ಮಜಿಶನ್, ಮ್ಯಾಜಿಕಲಿ, ಮತ್ತ ಅವರ ಪರ್ಷಿಯಾದ ಅಜ್ಜ

ಜಾದೂ ಮಾಡೂ ಮನಷ್ಯಾ ಮಜಿಶನ್. ಇಲ್ಲಿ ಉಚ್ಚಾರ ಬದಲಾಗ್ತೈತಿ, ಮ್ಯಾಜಿಕಲ್ ಅನ್ನೂವಾಗ ಒತ್ತು ಮೊದಲ್ನೇ ತುಂಡಿಗೆ, ಮಜಿಶನ್ ಅನ್ನೂವಾಗ ನಡುವಿನ ‘ಜಿ’ಗೆ, ಕಾಗುಣಿತದಾಗಿನ ಸಿ ಅಕ್ಷರ ಕ ಇದ್ದದ್ದು ಶ ಆಗ್ತೈತಿ. ಮ್ಯೂಸಿಕ್, ಮ್ಯೂಸಿಕಲ್, ಮ್ಯೂಸಿಶನ್ ಗೊತ್ತಲ್ರಿ, ಅದs ತಾಳ. ನಮ್ಮ ಧಾರವಾಡದ ಮಂದಿಗೆ ಆ ಮೂರು ಪದ ಮೊಸರನ್ನ ತಿಂದಷ್ಟ ಸಲೀಸು, ಅದರ ಮ್ಯಾಲೆ ಇದನ್ನ ಕುಂದ್ರಿಸ್ರಿ ಸಾಕು.

ಕ್ರಿಯಾವಿಶೇಷಣ ಮ್ಯಾಜಿಕಲಿ. ಬರಿಯೂವಾಗ ಮ್ಯಾಜಿಕಲ್‌ಗೆ ಎಲ್ ವೈ ಹಚ್ಚಬೇಕು, ಹಂಗಾಗಿ ಎರಡು ಎಲ್ ಬರ್ತಾವ. ಮಾತಾಡೂವಾಗ ‘ಮ್ಯಾಜಿಕ್ಲಿ’ ಅಂತ ಮೂರs ತುಂಡು, ಅದನ್ನ ಕೇಳಿ ಬರದವ್ರು ಎಎಲ್ ನುಂಗಿಬಿಡ್ತಾರ. ಇಕ್ ಅಂತ ಮುಗಿಯೂ ಹೆಚ್ಚಿನ ಪದಕ್ಕ ಹಿಂಗs ಮಾಡಬೇಕು, ಪಬ್ಲಿಕ್ ಮೊಂಡ, ಅದು ನೇರ ಎಲ್ ವೈ ತಗೋತೈತಿ. ‘ಮ್ಯಾಜಿಕಲ್ ಬ್ಯೂಟಿಫುಲ್’ ಅಂತ ಎರಡು ವಿಶೇಷಣ ಒಂದರ ಮ್ಯಾಲೊಂದ ಹೇರೂದು ತಪ್ಪು, ‘ಮ್ಯಾಜಿಕಲಿ ಬ್ಯೂಟಿಫುಲ್’ ಆಗಬೇಕು.

ಮ್ಯಾಜಿಕಲಿಗೆ ಒಂದ ಕುಹಕದ ಬಳಕಿನೂ ಐತಿ. ನಾ ಒಂದ ಆಫೀಸಿಗೆ ಒಂದ ಸರ್ಟಿಫಿಕೇಟ್ ಸಲುವಾಗಿ ಮೂರು ವಾರ ಅಡ್ಡಾಡಿದೆ, ಫೈಲ್ ಸಿಗವಲ್ದು ಅಂದ್ರು, ಪರಿಚಯದವ್ರ ಕಡಿಂದ ಒಂದ ಫೋನ್ ಮಾಡ್ಸಿದ್ದs ತಡ ಅರ್ಧ ತಾಸಿನ್ಯಾಗ ಟೇಬಲ್ ಮ್ಯಾಲೆ ಬಂತು. ‘ದ ಫೈಲ್ ಮ್ಯಾಜಿಕಲಿ ಅಪಿಯರ್ಡ್.’ ಇಲ್ಲಿ ಮಾಯಾ ಇಲ್ಲ ಮೋಡಿ ಇಲ್ಲ, ಹೇಳೂವವಗೂ ಗೊತ್ತು ಕೇಳೂವವಗೂ ಗೊತ್ತು. ನಾವೂ ಹಂಗs ಅಂತೀವಲ್ಲ, ‘ಏನ್ ಜಾದೂನಪಾ’ ಅಂತ.

ಅಜ್ಜನ ವಿಷಯಾ. ಹಳೇ ಪರ್ಷಿಯಾದಾಗ ಮಗು ಅನ್ನೂ ಪುರೋಹಿತರ ಕುಲ ಇತ್ತು (ನಮ್ಮ ಮಗು ಅಲ್ಲ ಮತ್ತ). ಗ್ರೀಕರು ಅವರನ್ನ ಮಾಗೋಸ್ ಅಂದ್ರು, ಅವರ ಪೂಜಿ ಪುನಸ್ಕಾರ ತಿಳೀದs ಅದನ್ನೆಲ್ಲಾ ಮಾಟಮಂತ್ರ ಅಂತ ಕರದ್ರು, ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ 14ನೇ ಶತಮಾನದಾಗ ಇಂಗ್ಲಿಷಿಗೆ ಮ್ಯಾಜಿಕ್ ಬಂತು. ಮ್ಯಾಜಿಕಲ್ ಆಮ್ಯಾಲೆ 16ನೇ ಶತಮಾನದಾಗ ಹುಟ್ಟಿದ್ದು. ಯೇಸು ಹುಟ್ಟಿದಾಗ ಚುಕ್ಕಿ ನೋಡ್ಕೊಂಡು ಬಂದ ಜ್ಞಾನಿಗಳಿಗೂ ಗ್ರೀಕ್ ಬೈಬಲ್‌ನ್ಯಾಗ ಇದs ಹೆಸರು. ಬ್ಯಾರೆಯವ್ರ ದೇವರ ಪೂಜಿ ಇವರಿಗೆ ಮಾಟ ಆತು, ಹಂಗ ನೋಡಿದ್ರ ನಮ್ಮಲ್ಲೂ ಗರುಡನ ಹೆಸರಿನ ಹಾವಿನ ವಿದ್ಯಾ ಗಾರುಡಿ ಆಗಿ, ಗಾರುಡಿ ಅಂದ್ರ ಕಣ್ಕಟ್ಟು ಆತು. ಆದ್ರ ಸಾಧನಕೇರಿ ಬೇಂದ್ರೆ ಅಜ್ಜಗ ಶಬ್ದಗಾರುಡಿಗ ಅಂದಾಗ ಅದs ಪದ ಹೊಗಳಿಕಿ. ಅದನ್ನ ಇಂಗ್ಲಿಷಿಗೆ ತರ್ರಿ ಅಂತ ಒಮ್ಮೆ ಕೇಳಿದ್ದೆ, ‘ವರ್ಡ್ ಮ್ಯಾಜಿಕಲ್’ ಅಂತ ನಾಕು ಮಂದಿ ಬರದ್ರು. ವರ್ಡ್ ಮಜಿಶನ್ ಅನ್ರಪ್ಪಾ, ಅಜ್ಜ ಮನಷ್ಯಾ.

ನೆರಿಹೊರಿ ಪದ

ಲಗೂನ ಹೇಳಿಬಿಡ್ತೀನಿ. ಎನ್‌ಚಾಂಟಿಂಗ್ ಅಂದ್ರ ಮನಸೆಳಿಯೂದು, ಮ್ಯಾಜಿಕಲ್‌ಗಿಂತ ಮೆತ್ತಗ. ಸ್ಪೆಲ್‌ಬೈಂಡಿಂಗ್ ಅಂದ್ರ ಮಂತ್ರ ಹಾಕಿದಂಗ ಎದ್ದ ಹೋಗಾಕ ಬಿಡದಂಥಾದ್ದು, ಭಾಷಣ, ಕಛೇರಿ, ಕಥಿಗೆ ಹೊಂದ್ತೈತಿ. ರೋಣದಾಗ ಹುಟ್ಟಿದ ಭೀಮಸೇನ ಜೋಶಿಯವ್ರ ಹಾಡಿಗೆ ಸ್ಪೆಲ್‌ಬೈಂಡಿಂಗ್ ಅನ್ನೂದು ಮ್ಯಾಜಿಕಲ್‌ಗಿಂತ ಬರೋಬರಿ ಅಂತ ನನ್ನ ಅಭಿಪ್ರಾಯ, ಅವ್ರ ತಾನ್‌ಗಳು, ಅಂದ್ರ ಲಗೂ ಲಗೂ ಓಡೂ ಸ್ವರದ ಸಾಲುಗಳು, ನಮ್ಮನ್ನ ಹಿಡದು ಕುಂದ್ರಿಸ್ತಾವ. ಮಿಸ್ಟಿಕಲ್ ಅಂದ್ರ ಅನುಭಾವದ್ದು, ಶಿಶುನಾಳ ಶರೀಫಜ್ಜನ ತತ್ವಪದಕ್ಕ ಅದು ಸರಿ, ಮ್ಯಾಜಿಕಲ್ ಅಂದ್ರ ಹಗರ ಆಗ್ತೈತಿ. ಮ್ಯಾಜಿಕಲ್ ಥಿಂಕಿಂಗ್ ಅಂತ ಕೇಳಿದ್ರ ಹೊಗಳಿಕಿ ಅನ್ಕೋಬ್ಯಾಡ್ರಿ, ನಾ ಹೊಸಾ ಅಂಗಿ ಹಾಕ್ಕೊಂಡ್ರ ಇಂಡಿಯಾ ಸೋಲ್ತೈತಿ ಅನ್ನೂ ಲೆಕ್ಕಾಚಾರಕ್ಕ ಮನಶ್ಶಾಸ್ತ್ರದವ್ರು ಇಟ್ಟ ಹೆಸರು ಅದು.

ಕಡೀ ಹೆಜ್ಜಿ: ಕೈಲೆ ಬರೀರಿ

ಇವನ್ನ ಇಂಗ್ಲಿಷ್‌ನ್ಯಾಗ ಬರದು ನೋಡ್ರಿ, ಉತ್ತರ ಬೆನ್ನಿಗೆ ಐತಿ. ‘ಉಣಕಲ್ ಕೆರಿ ದಂಡಿಗೆ ಆ ಸಂಜಿ ಮೈಮರೆತು ಕುಂತಿದ್ವಿ’: ಮೋಡಿ, ಹಂಗಾಗಿ ಇಟ್ ವಾಸ್ ಎ ಮ್ಯಾಜಿಕಲ್ ಈವ್ನಿಂಗ್ ಬೈ ಉಣಕಲ್ ಲೇಕ್. ‘ತಮ್ಮಗ ಇಸ್ಪೀಟಿನ ಜಾದೂ ಬರ್ತೈತಿ’: ಜಾದೂ, ಮೈ ಬ್ರದರ್ ನೋಸ್ ಎ ಮ್ಯಾಜಿಕ್ ಟ್ರಿಕ್ ವಿತ್ ಕಾರ್ಡ್ಸ್. ‘ಮಾಟ ಮಾಡ್ಸ್ಯಾರಂತ ಅಕ್ಕ ಅಂಜ್ಯಾಳ’: ಬ್ಲ್ಯಾಕ್ ಮ್ಯಾಜಿಕ್. ‘ತಟ್ಟಿಯೊಳಗಿನ ಪೇಢಾ ಮಾಯ ಆಗ್ಯಾವ’: ಮ್ಯಾಜಿಕಲಿ ಡಿಸಪಿಯರ್ಡ್, ಅದೂ ಕುಹಕದ್ದು, ಯಾರ ಬಾಯಾಗ ಹೋಗ್ಯಾವಂತ ಎಲ್ಲಾರಿಗೂ ಗೊತ್ತು.

ಹೋದ ವಾರ ನಮ್ಮ ಹುಡುಗೂರಿಗೆ ಗ್ಯಾದರಿಂಗ್ ಕಥಿ ಹೇಳಿ, ನನ್ನ ತಪ್ಪ ಅನೌನ್ಸ್‌ಮೆಂಟ್ ತಿದ್ದಿ ಕೊಡ್ರಿ ಅಂದೆ. ಎಲ್ಲಾರೂ ಮ್ಯಾಜಿಕಲ್ ತಗದು ಮಜಿಶನ್ ಹಾಕಿ ಸುಮ್ಮನಾದ್ರು. ಹಾವೇರಿ ಕಡೆಯಿಂದ ಬಂದು ಪೀಜಿಯೊಳಗ ಇರೂ ಒಬ್ಬ ಹುಡುಗಿ ಮಾತ್ರ ಒಂದ ಸಾಲು ಜಾಸ್ತಿ ಬರದಿದ್ಲು: ‘ದ ಮಜಿಶನ್ ಕೇಮ್ ಬೈ ಬಸ್, ಬಟ್ ಹಿಸ್ ಮ್ಯಾಜಿಕ್ ಷೋ ವಾಸ್ ಮ್ಯಾಜಿಕಲ್.’